ಮಗುವಿನ ತೊದಲು ಮಾತು: ಕಾಯುವುದು ಎಷ್ಟು ದಿನ?



ಪುಟ್ಟ ಮಗು "ಕಾಗೆ" ಎನ್ನಲು "ತಾದೆ" ಎಂದರೆ, "ರವಿ" ಎನ್ನಲು "ಲವಿ" ಎಂದರೆ ಮನೆಮಂದಿಗೆಲ್ಲ ಸಂತೋಷ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲೂ ಅದೇ ಮಾತು ಉಳಿದರೆ ಜೊತೆಯ ಮಕ್ಕಳು ಅಣಕಿಸುತ್ತಾರೆ. ಮಗು ಬಾಯಿ ಬಿಡುವುದನ್ನೇ ಕಡಿಮೆ ಮಾಡುತ್ತದೆ. "ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ತಾನಾಗಿಯೇ ಸರಿಹೋಗುತ್ತೆ" ಎಂದು ಕಾದು, ತಡವಾಗಿ ಬರುವವರು ಅನೇಕರು. ಆದ್ದರಿಂದ ಈ ಕೆಳಗಿನ ವಿಷಯಗಳನ್ನು ಗಮನಿಸಿ.

ವಯಸ್ಸಿಗೆ ತಕ್ಕ ಮಾತು

ಹೊರಗಿನವರಿಗೆ ಮಗುವಿನ ಮಾತು 2 ವರ್ಷಕ್ಕೆ ಸುಮಾರು ಅರ್ಧದಷ್ಟು, 3 ವರ್ಷಕ್ಕೆ ಮುಕ್ಕಾಲು ಪಾಲು, 4 ವರ್ಷಕ್ಕೆ ಬಹುತೇಕ ಎಲ್ಲವೂ ಅರ್ಥವಾಗಬೇಕು. ಪ, ಬ, ಮ ಮೊದಲು ಬರುತ್ತವೆ. ರ, ಶ ಮತ್ತು ಒತ್ತಕ್ಷರಗಳು ನಿಧಾನವಾಗಿ ಬರುತ್ತವೆ.

ಯಾವಾಗ ತೋರಿಸಬೇಕು?

1. ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದಿದ್ದರೆ.
2. 3 ವರ್ಷವಾದರೂ ಹೊರಗಿನವರಿಗೆ ಮಾತು ಅರ್ಥವಾಗದಿದ್ದರೆ.
3. 4 ವರ್ಷದ ನಂತರವೂ "ಕ" ಬದಲು "ತ" ಎನ್ನುತ್ತಿದ್ದರೆ.
4. ಮಾತೆಲ್ಲ ಮೂಗಿನಿಂದ ಬರುತ್ತಿದ್ದರೆ.
5. ಬಂದ ಮಾತು ನಿಂತುಹೋದರೆ. ಇದಕ್ಕೆ ಒಂದು ದಿನವೂ ಕಾಯಬೇಡಿ.

ಇವು ದೋಷವಲ್ಲ

ಮನೆಯ ಹಿರಿಯರೇ "ಹಾಲು" ಎನ್ನಲು "ಆಲು", "ಶಾಲೆ" ಎನ್ನಲು "ಸಾಲೆ" ಎನ್ನುವುದಾದರೆ ಮಗುವೂ ಹಾಗೆಯೇ ಕಲಿಯುತ್ತದೆ. ಅದು ಆಡುಮಾತಿನ ರೀತಿ, ರೋಗವಲ್ಲ. ಬನಶಂಕರಿ, ಜಯನಗರದ ಬೀದಿಗಳಲ್ಲಿ ಮಕ್ಕಳು ಕನ್ನಡದ ಜೊತೆ ತೆಲುಗು, ತಮಿಳು, ಉರ್ದು ಕೇಳುತ್ತಾ ಬೆಳೆಯುತ್ತಾರೆ. ಹಲವು ಭಾಷೆಗಳಿಂದ ಉಚ್ಚಾರಣೆ ಕೆಡುವುದಿಲ್ಲ. ಮನೆಮಾತನ್ನು ನಿಲ್ಲಿಸಬೇಡಿ.

ಮೊದಲು ಕಿವಿ ಪರೀಕ್ಷೆ

ಸರಿಯಾಗಿ ಕೇಳಿಸದ ಮಗು ಸರಿಯಾಗಿ ನುಡಿಯಲಾರದು. ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳದೆ ಇರಬಹುದು. ಪದೇ ಪದೇ ನೆಗಡಿಯಾಗಿ ಕಿವಿ ಸೋರುವ ಮಕ್ಕಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು. ಸೀಳು ಅಂಗಳವಿದೆಯೇ ಎಂದೂ ವೈದ್ಯರು ಪರೀಕ್ಷಿಸುತ್ತಾರೆ. ಅನೇಕ ಮಕ್ಕಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಅವರಿಗೂ ಚಿಕಿತ್ಸೆಯಿಂದ ಪ್ರಯೋಜನವಿದೆ.

ಚಿಕಿತ್ಸೆ ಹೇಗೆ?

ಇದಕ್ಕೆ ಮಾತ್ರೆ, ಟಾನಿಕ್ ಇಲ್ಲ. ವಾಕ್ ತಜ್ಞರು ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸಿ, ಯಾವ ಅಕ್ಷರ ತಪ್ಪುತ್ತಿದೆ ಎಂದು ಗುರುತಿಸುತ್ತಾರೆ. ಮೊದಲು ಮಗು "ಕ" ಮತ್ತು "ತ" ವ್ಯತ್ಯಾಸ ಕೇಳಿ ತಿಳಿಯಬೇಕು. ನಂತರ ಅಕ್ಷರ, ಪದ, ವಾಕ್ಯ, ಕೊನೆಗೆ ದಿನನಿತ್ಯದ ಮಾತು. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಮಧ್ಯದಲ್ಲಿ ಬಿಡಬೇಡಿ.

ಮನೆಯಲ್ಲಿ ನೀವು ಮಾಡಬೇಕಾದದ್ದು

ಮಗು "ತಾದೆ ಬಂತು" ಎಂದರೆ "ತಪ್ಪು, ಇನ್ನೊಂದು ಸಲ ಹೇಳು" ಎಂದು ಗದರಬೇಡಿ. "ಹೌದು ಪುಟ್ಟಾ, ಕಾಗೆ ಬಂತು. ಕಾಗೆಗೆ ಅನ್ನ ಹಾಕೋಣ್ವಾ?" ಎಂದು ನೀವೇ ಸರಿಯಾಗಿ ನುಡಿಯಿರಿ. ದಿನಕ್ಕೆ 10 ನಿಮಿಷ ಟಿ.ವಿ., ಮೊಬೈಲ್ ಆರಿಸಿ, ಎದುರು ಕುಳಿತು, ತಜ್ಞರು ಹೇಳಿಕೊಟ್ಟ ಪದಗಳನ್ನು ಆಟದಂತೆ ಆಡಿಸಿ. ಅಜ್ಜಿ, ತಾತನಿಗೂ ಇದನ್ನು ತಿಳಿಸಿ.

ಮಾಡಬಾರದ್ದು

ನಾಲಿಗೆ ತಿರುಗಲೆಂದು ಬಜೆ ತೇಯ್ದು ತಿಕ್ಕುತ್ತಾ ಕಾಲ ಕಳೆಯಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ನಾಲಿಗೆಯ ಕೆಳಗಿನ ಪೊರೆಯನ್ನು ಕತ್ತರಿಸಿದರೆ ಮಾತು ಬರುತ್ತದೆ ಎಂಬುದು ಹೆಚ್ಚಿನ ಮಕ್ಕಳ ವಿಷಯದಲ್ಲಿ ಸರಿಯಲ್ಲ. ವೈದ್ಯರು ಹೇಳದೆ ಮಾಡಿಸಬೇಡಿ.

ಎಲ್ಲಿ ತೋರಿಸಬೇಕು?

ಮೊದಲು ನಮ್ಮ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಅಂಗನವಾಡಿ, ಸರ್ಕಾರಿ ಶಾಲೆಗಳ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಪರೀಕ್ಷಿಸಲು ಬಂದಾಗ, ಮಾತಿನ ತೊಂದರೆಯನ್ನು ಮರೆಯದೆ ಹೇಳಿ.

ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ತಿಳಿದರೆ ನಷ್ಟವಿಲ್ಲ. ತಡಮಾಡಿದರೆ ನಷ್ಟ ಮಗುವಿಗೆ. ಅನುಮಾನವಿದ್ದರೆ ಸಂಕೋಚಪಡದೆ ದಾದಿಯರನ್ನು ಕೇಳಿ.