ಮಂಡಿಯ ಕೀಲೂ ನಡಿಗೆಯ ಅಭ್ಯಾಸವೂ

ನಮ್ಮ ಶರೀರದ ಕೀಲುಗಳಲ್ಲೆಲ್ಲ ಮಂಡಿಯೇ ದೊಡ್ಡದು. ತೊಡೆಯ ಮೂಳೆಯೂ ಕೆಳಗಾಲಿನ ಮೂಳೆಯೂ ಇಲ್ಲಿ ಕೂಡುತ್ತವೆ. ಮುಂದುಗಡೆ ಮಂಡಿಚಿಪ್ಪು ಇರುತ್ತದೆ. ಮೂಳೆಗಳ ತುದಿಗಳನ್ನು ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯು ಕಾಪಾಡುತ್ತದೆ. ವಯಸ್ಸು, ದೇಹಭಾರ, ಹಳೆಯ ಪೆಟ್ಟು, ಸಂಧಿವಾತ ಇವುಗಳಿಂದ ಈ ಹೊದಿಕೆಯು ಸವೆದಾಗ ಮೂಳೆಗೆ ಮೂಳೆ ತಗಲಿ ನೋವು, ಊತ, ಬಿಗಿತಗಳು ತಲೆದೋರುತ್ತವೆ. ಶಂಕಗಿರಿಯ ದುರ್ಗವನ್ನು ಮೊಮ್ಮಕ್ಕಳು ಓಡುತ್ತ ಹತ್ತುವರು. ಅದೇ ಮನೆಯ ಅಜ್ಜಿಗೆ ಹೊಸ್ತಿಲು ದಾಟುವುದೇ ಬೆಟ್ಟವನ್ನೇರಿದಂತಾಗುವುದು.

ಮಂಡಿನೋವಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೂಕವನ್ನು ತಗ್ಗಿಸುವುದು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಊರುಗೋಲು, ವೈದ್ಯರು ಹೇಳಿದ ಔಷಧ ಇವೇ ಮೊದಲಿನ ಉಪಾಯಗಳು. ಇವುಗಳಿಂದ ಗುಣ ಕಾಣದೆ, ಹಗಲಿನ ನಡಿಗೆಯೂ ರಾತ್ರಿಯ ನಿದ್ರೆಯೂ ಕೆಟ್ಟಾಗ ಮಾತ್ರ ಕೀಲು ಬದಲಾವಣೆಯನ್ನು ಆಲೋಚಿಸತಕ್ಕದ್ದು.

ಈ ವಿದ್ಯೆಯ ಚರಿತ್ರೆಯು ಸ್ವಾರಸ್ಯವಾದುದು. ಜರ್ಮನಿಯ ಗ್ಲುಕ್ ಎಂಬ ಶಸ್ತ್ರವೈದ್ಯನು ೧೮೯೦ರಲ್ಲಿ ಆನೆಯ ದಂತದಿಂದ ಮಂಡಿಯ ಕೀಲನ್ನು ಮಾಡಿ ಜೋಡಿಸಿದನು. ಸೋಂಕಿನ ಕಾರಣದಿಂದ ಆ ಪ್ರಯತ್ನಗಳು ನಿಲ್ಲಲಿಲ್ಲ. ಇಂದಿನ ಮಾದರಿಗೆ ತಳಹದಿಯಾದ ಕೀಲನ್ನು ೧೯೭೪ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ತಂದವರಲ್ಲಿ ಇನ್ಸಾಲ್ ಅವರೊಡನೆ ನಮ್ಮ ದೇಶದ ಚಿತ್ತರಂಜನ ರಾಣಾವತ್ ಅವರೂ ಒಬ್ಬರು. ಪ್ರಧಾನಮಂತ್ರಿಗಳಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರ ಎರಡು ಮಂಡಿಗಳಿಗೂ ೨೦೦೦ ಮತ್ತು ೨೦೦೧ರಲ್ಲಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಇವರೇ.

ಹಳೆಯ ಮಂಡಿಯನ್ನು ಕಿತ್ತೆಸೆಯುವರೆಂದು ಹಲವರು ಹೆದರುವುದುಂಟು. ಹಾಗಲ್ಲ. ಮರದ ಬಂಡಿಚಕ್ರಕ್ಕೆ ಕಬ್ಬಿಣದ ಪಟ್ಟೆ ತೊಡಿಸುವಂತೆ, ಮೂಳೆಯ ಸವೆದ ಮೇಲ್ಭಾಗವನ್ನು ಮಾತ್ರ ತೆಗೆದು ಹೊಸ ಮೈಯನ್ನು ಹೊದಿಸುತ್ತಾರೆ. ತೊಡೆಯ ಮೂಳೆಗೆ ಕೋಬಾಲ್ಟ್ ಮತ್ತು ಕ್ರೋಮಿಯಂ ಕೂಡಿದ ಮಿಶ್ರಲೋಹದ ಕವಚ. ಕೆಳಗಿನ ಮೂಳೆಗೆ ಲೋಹದ ತಟ್ಟೆ. ಇವೆರಡರ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್. ಹೀಗೆ ಜೋಡಿಸಿದ ಕೀಲುಗಳಲ್ಲಿ ಹತ್ತರಲ್ಲಿ ಎಂಟರಷ್ಟು ೨೫ ವರ್ಷ ಬಾಳುತ್ತವೆಂದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಇವುಗಳ ಬೆಲೆಯು ಮಿತಿಮೀರಿದ್ದುದರಿಂದ ಭಾರತ ಸರ್ಕಾರವು ೨೦೧೭ರ ಆಗಸ್ಟ್ ತಿಂಗಳಲ್ಲಿ ಬೆಲೆಗೆ ಮಿತಿಯನ್ನು ಗೊತ್ತುಪಡಿಸಿತು. ಖರ್ಚಿಗೆ ಅಂಜುವವರು ತಮಿಳುನಾಡಿನ ಮುಖ್ಯಮಂತ್ರಿಗಳ ಆರೋಗ್ಯ ವಿಮಾ ಯೋಜನೆಯ ನೆರವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಮುಖ್ಯವಾದ ಮಾತು. ಕೀಲನ್ನು ವೈದ್ಯರು ಜೋಡಿಸಬಹುದು. ನಡಿಗೆಯನ್ನು ರೋಗಿಯೇ ಅಭ್ಯಾಸದಿಂದ ಗಳಿಸಬೇಕು. ಸಾಮಾನ್ಯವಾಗಿ ಅಂದೇ ಅಥವಾ ಮರುದಿನವೇ ರೋಗಿಯನ್ನು ವಾಕರಿನ ಆಸರೆಯಿಂದ ನಿಲ್ಲಿಸುತ್ತಾರೆ. ಕಾಲನ್ನು ಅಲುಗಿಸದಿದ್ದರೆ ಗಾಯದ ಸುತ್ತಲಿನ ಭಾಗವು ಬಿಗಿದು, ತೊಡೆಯ ಸ್ನಾಯುಗಳು ಸೊರಗಿ, ಒಳ್ಳೆಯ ಕೀಲೂ ಮರಗಟ್ಟುತ್ತದೆ. “ಪಾಪ, ನೋವಿದೆ, ಮಲಗಿರಲಿ” ಎಂಬ ಮನೆಯವರ ಮಮತೆಯೇ ಹೀಗೆ ಮುಳುವಾಗಬಹುದು. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಮಂಡಿಯನ್ನು ಹಾಸಿಗೆಗೆ ಒತ್ತಿ ನೇರಮಾಡುವುದು, ಹಿಮ್ಮಡಿಯನ್ನು ಜಾರಿಸುತ್ತ ಮಂಡಿಯನ್ನು ಮಡಿಸುವುದು ಈ ಅಭ್ಯಾಸಗಳನ್ನು ವೈದ್ಯರು ಹೇಳಿದಷ್ಟು ಸಲ ದಿನವೂ ಮಾಡತಕ್ಕದ್ದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಬಾರದು; ಕಾಲು ಮಡಿದಂತೆಯೇ ನಿಂತುಬಿಡುವುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಚಿಕಿತ್ಸೆಯಾದ ಕಾಲು ಮೊದಲು. ನೆಲದ ಮೇಲೆ ಕೂರುವುದನ್ನೂ, ನೇಯ್ಗೆಯವರಾದರೆ ಮಗ್ಗದ ಗುಂಡಿಗಿಳಿಯುವುದನ್ನೂ ವೈದ್ಯರ ಅಪ್ಪಣೆಯಿಲ್ಲದೆ ಮಾಡಬಾರದು.

ಮೀನಖಂಡದಲ್ಲಿ ಊತವೂ ನೋವೂ ಕಂಡರೆ ಎಣ್ಣೆ ಹಚ್ಚಿ ತಿಕ್ಕಬಾರದು. ಅಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ಅದಕ್ಕೂ, ಜ್ವರ, ಗಾಯದಲ್ಲಿ ಕೀವು, ಎದೆನೋವು, ಏದುಸಿರು ಇವುಗಳಿಗೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಿದ್ಯಾರ್ಥಿಗಳೇ, ಇದರಲ್ಲಿ ನಿಮಗೂ ಪಾಲುಂಟು. ಜಾರುವ ಚಾಪೆಯನ್ನು ದಾರಿಯಿಂದ ತೆಗೆಯಿರಿ. ಬಚ್ಚಲ ನೆಲವನ್ನು ಒರೆಸಿಡಿರಿ. ಶಾಲೆಯಿಂದ ಬಂದೊಡನೆ ತಾತನ ವ್ಯಾಯಾಮವನ್ನು ಪಕ್ಕದಲ್ಲಿ ಕುಳಿತು ಎಣಿಸಿರಿ. ಬೀದಿಯ ಕೊನೆಯವರೆಗೆ ಅವರ ಜೊತೆಯಲ್ಲಿ ನಿಧಾನವಾಗಿ ನಡೆಯಿರಿ. ದಿನದಿನದ ಕೆಲಸಗಳಿಗೆ ಮರಳಲು ಆರರಿಂದ ಹನ್ನೆರಡು ವಾರ ಹಿಡಿಯಬಹುದು. ಪೂರ್ಣ ಬಲಕ್ಕೆ ವರ್ಷವೂ ಆಗಬಹುದು. ನಿಮಗೆ ನಡೆಯಲು ಕಲಿಸಿದ ಹಿರಿಯರು ಎಷ್ಟು ತಾಳ್ಮೆ ತೋರಿದರೋ ಅಷ್ಟು ತಾಳ್ಮೆಯನ್ನು ಈಗ ನೀವು ಅವರಿಗೆ ತೋರಿಸಿರಿ.