ಮೇಸ್ತ್ರಿಯ ಜೇಬಿನ ಲೆಕ್ಕ

ಮನೆ ರಿಪೇರಿಗೆ ಕೈಹಾಕುವವರೆಲ್ಲ ಕಂಟ್ರಾಕ್ಟರನ್ನು ಮೊದಲು ಕೇಳುವುದು ‘ಒಟ್ಟು ಎಷ್ಟಾಗುತ್ತೆ?’ ಅಂತ. ನಾನು ಅದನ್ನು ಕೊನೆಗೆ ಕೇಳುತ್ತೇನೆ. ಅದಕ್ಕಿಂತ ಮೊದಲು ನನಗೆ ತಿಳಿಯಬೇಕಾದದ್ದು ಬೇರೆ ಇದೆ: ನಾನು ಕೊಡುವ ಅಡ್ವಾನ್ಸು ನನ್ನ ಮನೆಗೇ ಖರ್ಚಾಗುತ್ತದೋ, ಇನ್ಯಾರದೋ ಮನೆಯಲ್ಲಿ ಅರ್ಧಕ್ಕೆ ನಿಂತ ಕೆಲಸ ಮುಗಿಸುವುದಕ್ಕೆ ಹೋಗುತ್ತದೋ? ಸಣ್ಣ ಕಂಟ್ರಾಕ್ಟರುಗಳಲ್ಲಿ ಎಷ್ಟೋ ಮಂದಿ ಕೈಯಲ್ಲಿ ಬಂಡವಾಳವಿಲ್ಲದೆ ಕೆಲಸ ಹಿಡಿಯುತ್ತಾರೆ. ಹೊಸ ಗಿರಾಕಿಯ ಮುಂಗಡದಲ್ಲಿ ಹಳೇ ಗಿರಾಕಿಯ ಟೈಲ್ಸ್ ಬರುತ್ತದೆ. ಹೊಸ ಗಿರಾಕಿ ಸಿಗದ ತಿಂಗಳು ಎಲ್ಲರ ಕೆಲಸವೂ ನಿಲ್ಲುತ್ತದೆ. ಅವರು ಮೋಸಗಾರರು ಅಂತಲ್ಲ. ಆದರೆ ಒಡೆದು ಹಾಕಿದ ಬಾತ್‌ರೂಮು ನಮ್ಮದು.

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಮೂವತ್ತು ವರ್ಷ ದಾಟಿದೆ. ಬಾತ್‌ರೂಮಿನ ನೀರು ಪಕ್ಕದ ರೂಮಿನ ಗೋಡೆಗೆ ಇಳಿದು ಬಣ್ಣ ಉಬ್ಬಿಕೊಳ್ಳುತ್ತಿತ್ತು. ಅಡುಗೆಮನೆಯ ವೈರಿಂಗೂ ಹಳೇ ಕಾಲದ್ದು. ಎರಡನ್ನೂ ಒಟ್ಟಿಗೆ ಮಾಡಿಸೋಣವೆಂದು ಕೂತು ಮೊದಲು ಒಂದು ಹಾಳೆ ತುಂಬಿಸಿದೆ. ಏನೇನು ಒಡೆಯಬೇಕು, ಅಳತೆ ಎಷ್ಟು, ಸಾಮಾನು ಯಾವ ದರ್ಜೆಯದು. ದೀಪಕ್ಕೆ 1.5, ಪವರ್ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ವೈರು. ಸಿಂಕಿನ ಕೆಳಗೆ ಐಎಸ್ 710 ಮುದ್ರೆಯ ಪ್ಲೈವುಡ್ಡು, ಹೀಗೆ. ಅದೇ ಹಾಳೆಯ ಪ್ರತಿಯನ್ನು ಬಂದ ಕಂಟ್ರಾಕ್ಟರುಗಳಿಗೆಲ್ಲ ಕೊಟ್ಟೆ. ಬಾಯಲ್ಲಿ ಹೇಳಿದರೆ ಒಬ್ಬೊಬ್ಬರು ಒಂದೊಂದು ಕೆಲಸ ಮನಸ್ಸಿನಲ್ಲಿಟ್ಟುಕೊಂಡು ರೇಟು ಹೇಳುತ್ತಾರೆ. ಹೋಲಿಸಿ ನೋಡಲು ಬರುವುದೇ ಇಲ್ಲ.

ಬಂದವರಲ್ಲಿ ಒಬ್ಬರು ‘ಮೇಡಂ, ಸಾರ್ ಮನೇಲಿಲ್ವಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಹಾಗಾದ್ರೆ ಅವರಿದ್ದಾಗ್ಲೇ ಬಂದು ಮಾತಾಡ್ತೀನಿ’ ಅಂದು ಹೊರಟರು. ಹಣ ಕೊಡುವವಳ ಪ್ರಶ್ನೆಗೆ ಉತ್ತರ ಹೇಳದವರು ಕೆಲಸ ಕೆಟ್ಟ ದಿನ ಉತ್ತರ ಹೇಳುತ್ತಾರೆಯೇ? ಅವರ ಎಸ್ಟಿಮೇಟನ್ನು ನಾನು ಬಿಡಿಸಿಯೂ ನೋಡಲಿಲ್ಲ.

ಎಸ್ಟಿಮೇಟು ಪರೀಕ್ಷಿಸಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ಟೇಪು ಸಾಕು. ನಮ್ಮ ಬಾತ್‌ರೂಮು 8 ಅಡಿಗೆ 5 ಅಡಿ. ನೆಲ 40 ಚದರಡಿ. ನಾಲ್ಕು ಗೋಡೆಗೂ 7 ಅಡಿ ಎತ್ತರದವರೆಗೆ ಟೈಲ್ಸ್ ಅಂದರೆ 182. ಬಾಗಿಲಿನ ಜಾಗ ಕಳೆದರೆ 165ರ ಹತ್ತಿರ. ಒಟ್ಟು 205. ಒಡೆಯುವುದು, ಕತ್ತರಿಸುವುದು ಅಂತ ನೂರಕ್ಕೆ ಹತ್ತು ಸೇರಿಸಿದರೂ 225. ಉಳಿದ ಮೂವರಲ್ಲಿ ಒಬ್ಬರು 300 ಬರೆದಿದ್ದರು. ಕೇಳಿದ್ದಕ್ಕೆ ‘ವೇಸ್ಟೇಜ್ ಮೇಡಂ’ ಎಂಬ ಉತ್ತರ. ಇನ್ನೊಬ್ಬರದು ಎಲ್ಲರಿಗಿಂತ ಕಡಿಮೆ ಇತ್ತು. ಆದರೆ ಒಡೆದ ಇಟ್ಟಿಗೆ-ಗಾರೆಯನ್ನು ಸಾಗಿಸುವ ಖರ್ಚು, ಪೈಪಿಗಾಗಿ ಗೋಡೆ ಕೊರೆಯುವ ಕೂಲಿ, ಕೊರೆದದ್ದನ್ನು ಮುಚ್ಚುವ ಪ್ಲಾಸ್ಟರಿಂಗ್, ಒಂದೂ ಅದರಲ್ಲಿರಲಿಲ್ಲ. ಇವೆಲ್ಲ ಕೆಲಸದ ನಡುವೆ ‘ಎಕ್ಸ್‌ಟ್ರಾ’ ಎಂಬ ಹೆಸರಲ್ಲಿ ಬರುತ್ತವೆ, ಮನೆಯಲ್ಲಿ ಸ್ನಾನಕ್ಕೆ ಜಾಗವಿಲ್ಲದ ಹೊತ್ತಿಗೆ. ಆಗ ಚೌಕಾಸಿ ಮಾಡುವ ಶಕ್ತಿ ಯಾರಿಗಿರುತ್ತದೆ?

300 ಚದರಡಿಯವರ ಎಸ್ಟಿಮೇಟಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಕೂಡ ಸೇರಿತ್ತು, ಕೆಳಗೆ ಹದಿನೈದು ಅಕ್ಷರ-ಅಂಕಿಗಳ ನಂಬರೂ ಇತ್ತು. ಕರ್ನಾಟಕದ ನಂಬರು 29ರಿಂದ ಶುರುವಾಗುತ್ತದೆ, ಆಮೇಲಿನ ಹತ್ತು ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು: ನೋಂದಣಿ ಯಾರ ಹೆಸರಲ್ಲಿದೆ, ಯಾವತ್ತಿನಿಂದ, ಈಗ ಚಾಲ್ತಿಯಲ್ಲಿದೆಯೋ ಇಲ್ಲವೋ. ಇವರದು ರದ್ದಾಗಿತ್ತು. ಅಂದರೆ ಆ 18 ಪರ್ಸೆಂಟ್ ಸರ್ಕಾರಕ್ಕೆ ಹೋಗುವ ದುಡ್ಡೇ ಅಲ್ಲ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಮಾಡುವ ಸಣ್ಣ ಮೇಸ್ತ್ರಿಗೆ ನಮ್ಮ ರಾಜ್ಯದಲ್ಲಿ ಇಂಥ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಅದು ತಪ್ಪೂ ಅಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವ ಹಾಗಿಲ್ಲ, ಅಷ್ಟೆ.

ಕಾಗದದ ಪರೀಕ್ಷೆ ಇಲ್ಲಿಗೆ ಮುಗಿಯಿತು. ನನ್ನ ಲೆಕ್ಕದಲ್ಲಿ ಅಸಲು ಪರೀಕ್ಷೆ ನಡೆಯುವುದು ಶನಿವಾರ ಸಂಜೆ. ಅದು ಬಟವಾಡೆಯ ಹೊತ್ತು. ‘ಈಗ ಎಲ್ಲಿ ಕೆಲಸ ನಡೀತಿದೆ?’ ಅಂತ ವಿಳಾಸ ಕೇಳಿಕೊಂಡು ಆ ಹೊತ್ತಿಗೇ ಹೋಗಬೇಕು. ಆಳುಗಳು ಕೈಕಾಲು ತೊಳೆದು ಕಾಯುತ್ತಿರುತ್ತಾರೆ. ಮೇಸ್ತ್ರಿ ಬಂದು ವಾರದ ಲೆಕ್ಕ ಚುಕ್ತಾ ಮಾಡುತ್ತಾನೋ, ‘ಸದ್ಯಕ್ಕೆ ಐನೂರು ಇಟ್ಕೊಳ್ಳಿ, ಸೋಮವಾರ ನೋಡೋಣ’ ಅನ್ನುತ್ತಾನೋ? ಕಡಿಮೆ ರೇಟಿನವರ ಸೈಟಿನಲ್ಲಿ ಗಾರೆ ಕೆಲಸದವನೊಬ್ಬ ಬೀಡಿ ಹಚ್ಚುತ್ತ, ‘ಎರಡು ವಾರದ್ದು ಬಾಕಿ ಐತೆ ಕಣಕ್ಕಾ’ ಅಂದ. ಕೂಲಿ ಬಾಕಿಯಿರುವ ಆಳು ಹಬ್ಬಕ್ಕೆ ಊರಿಗೆ ಹೋದರೆ ಮತ್ತೆ ಅದೇ ಮೇಸ್ತ್ರಿಯ ಹತ್ತಿರ ಬರುವುದು ಅನುಮಾನ. ದಸರಾಕ್ಕೆ ಮುಂಚೆ ಮುಗಿಸಿಕೊಡುತ್ತೇನೆ ಎಂಬ ಮಾತಿನ ಬೆಲೆ ಅಲ್ಲೇ ತಿಳಿಯಿತು.

ಬಡಾವಣೆಯ ಹಾರ್ಡ್‌ವೇರ್ ಅಂಗಡಿಯವರನ್ನು ‘ಇವರು ಹೇಗೆ?’ ಅಂತ ಕೇಳಿ ಪ್ರಯೋಜನವಿಲ್ಲ. ದಿನಾ ಬರುವ ಗಿರಾಕಿಯ ಬಗ್ಗೆ ಯಾರು ಕೆಟ್ಟದಾಗಿ ಹೇಳಿಯಾರು? ಕಡಿಮೆ ರೇಟಿನವರ ಹೆಸರು ಹೇಳಿ, ‘ನಮ್ಮನೆ ಸಾಮಾನನ್ನ ಅವರ ಖಾತೆಗೆ ಸಾಲ ಕೊಡ್ತೀರಾ?’ ಅಂತ ಕೇಳಿದೆ. ನಕ್ಕು, ‘ಬೇಡ ಮೇಡಂ, ನಿಮ್ಮ ಹೆಸರಿಗೇ ಬಿಲ್ ಮಾಡಿಸ್ಕೊಳ್ಳಿ’ ಅಂದರು. ಮೂರನೆಯವರ ಹೆಸರು ಹೇಳಿದಾಗ, ‘ಅವರಿಗಾದ್ರೆ ತಿಂಗಳು ಬಿಟ್ಟು ಕೊಟ್ರೂ ಪರ್ವಾಗಿಲ್ಲ’ ಅಂದರು. ಯಾವ ಸರ್ಟಿಫಿಕೇಟೂ ಇಷ್ಟು ಹೇಳಲಾರದು.

ಆ ಮೂರನೆಯವರ ಹಳೇ ಕೆಲಸ ನೋಡುವುದು ಬಾಕಿಯಿತ್ತು. ಹೋದ ತಿಂಗಳು ಬಣ್ಣ ಹೊಡೆದು ಮುಗಿಸಿದ ಮನೆ ತೋರಿಸಲು ಬಂದರು. ಅದು ಬೇಡ, ಎರಡು ಮಳೆಗಾಲ ಕಂಡ ಮನೆ ತೋರಿಸಿ ಅಂದೆ. ಚಿತ್ತೆ ಮಳೆ ಹೊಡೆದ ಮೇಲೂ ಗೋಡೆ ಒಣಗಿದ್ದರೆ ಕೆಲಸ ಸರಿಯಾಗಿದೆ. ಆ ಮನೆಯ ಯಜಮಾನಿ ಒಂದು ದೂರು ಹೇಳಿದರು: ನಲ್ಲಿ ಸೋರಿದ್ದಕ್ಕೆ ಕರೆದರೆ ಬರಲು ವಾರ ಮಾಡಿದರಂತೆ. ಆದರೆ ಬಂದರು, ದುಡ್ಡು ಕೇಳಲಿಲ್ಲ. ಅಷ್ಟು ಸಾಕು.

ಇವರೂ ಮೊದಲು ಅರ್ಧ ಹಣ ಕೇಳಿದರು. ಎಲ್ಲರೂ ಕೇಳುತ್ತಾರೆ, ‘ಮೆಟೀರಿಯಲ್ ಹಾಕಿಸ್ಬಿಡ್ತೀನಿ’ ಎಂಬ ಕಾರಣ ಕೊಟ್ಟು. ಸಿಮೆಂಟು, ಟೈಲ್ಸು, ಪೈಪು, ವೈರಿನ ದುಡ್ಡನ್ನು ನಾನೇ ಅಂಗಡಿಗೆ ಕೊಡುತ್ತೇನೆ, ನಿಮಗೆ ಕೂಲಿ ಗುತ್ತಿಗೆ ಮಾತ್ರ ಅಂದ ಮೇಲೆ ಆ ಕಾರಣ ಉಳಿಯಲಿಲ್ಲ. ಮೇಸ್ತ್ರಿಗೆ ಸಿಗುವ ಟೈಲ್ಸ್ ಅಂಗಡಿಯ ಕಮಿಷನ್ನು, ಪೇಂಟ್ ಡಬ್ಬದೊಳಗಿನ ಟೋಕನ್ನು ಇದ್ದೇ ಇವೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೂಲಿಯ ಹತ್ತರಲ್ಲೊಂದು ಭಾಗ ಅಡ್ವಾನ್ಸು, ಉಳಿದದ್ದು ಕೆಲಸದ ಹಂತಕ್ಕೆ ತಕ್ಕಂತೆ. ಅದರಲ್ಲಿ ನಾನು ಬಿಟ್ಟುಕೊಡದ ಹಂತವೊಂದಿತ್ತು: ವಾಟರ್‌ಪ್ರೂಫಿಂಗ್ ಮುಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ನೆಲದ ಕಿಂಡಿ ಮುಚ್ಚಿ ನೀರು ನಿಲ್ಲಿಸಿ ಎರಡು ದಿನ ಬಿಡಬೇಕು. ಪಕ್ಕದ ರೂಮಿನ ಗೋಡೆ ಒಣಗಿದ್ದರೆ ಮಾತ್ರ ಮುಂದಿನ ಕಂತು. ಟೈಲ್ಸ್ ಮುಚ್ಚಿದ ಮೇಲೆ ಕೆಳಗಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನೂರಕ್ಕೆ ಐದು ಒಂದು ಮಳೆಗಾಲ ಕಳೆದ ಮೇಲೆ. ಹಣವೆಲ್ಲ ಅವರದೇ ಬ್ಯಾಂಕ್ ಖಾತೆಗೆ. ಭಾವಮೈದನ ನಂಬರಿಗೆ ಯುಪಿಐ ಮಾಡಿ ಅನ್ನುವವರನ್ನು ಅಲ್ಲಿಗೇ ಕೈಬಿಡುವುದು ಮೇಲು.

‘ಇಷ್ಟೆಲ್ಲ ಯಾಕೆ, ರೇರಾ ಇದೆಯಲ್ಲ?’ ಅಂತ ನಮ್ಮ ಚಿಕ್ಕಪ್ಪ ಕೇಳಿದರು. ರೇರಾ ಕಾನೂನು ಮಾರಾಟದ ಯೋಜನೆಗಳಿಗೆ ಸಂಬಂಧಿಸಿದ್ದು. ಇರುವ ಮನೆಯ ರಿಪೇರಿಗೆ ಬರುವುದಿಲ್ಲ. ನಮಗಿರುವುದು ಗ್ರಾಹಕರ ಆಯೋಗ. ಮನೆ ಕಟ್ಟಿಕೊಡುವುದೂ ಸೇವೆಯೇ, ಅದರ ಲೋಪಕ್ಕೆ ಪರಿಹಾರ ಕೇಳಬಹುದು ಎಂದು ಸುಪ್ರೀಂ ಕೋರ್ಟು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 5 ಲಕ್ಷದವರೆಗಿನ ಕೆಲಸವಾದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಆದರೆ ಅಲ್ಲಿ ಗೆಲ್ಲಲು ಒಪ್ಪಂದದ ಕಾಗದವೂ ಬ್ಯಾಂಕಿನ ದಾಖಲೆಯೂ ಕೈಯಲ್ಲಿರಬೇಕು.

ಬಿಲ್ಲುಗಳನ್ನು ಜೋಪಾನ ಮಾಡಲು ಇನ್ನೊಂದು ಕಾರಣವಿದೆ. ಮುಂದೆ ಮನೆ ಮಾರಿದರೆ ಸುಧಾರಣೆಗೆ ಹಾಕಿದ ಹಣವನ್ನು ಕಳೆದು ಲಾಭದ ಮೇಲಿನ ತೆರಿಗೆ ಲೆಕ್ಕ ಹಾಕುತ್ತಾರೆ. ಬರೀ ಸುಣ್ಣ-ಬಣ್ಣ ಅದಕ್ಕೆ ಸೇರುವುದಿಲ್ಲ.

ಒಪ್ಪಂದ ಬರೆದು ಓದಿ ಹೇಳಿದಾಗ ನಮ್ಮ ಮೇಸ್ತ್ರಿ ಎಲ್ಲಕ್ಕೂ ತಲೆಯಾಡಿಸಿ, ‘ಮೇಡಂ, ನಂದೂ ಒಂದು ಕಂಡೀಷನ್ನು’ ಅಂದರು. ಟೈಲ್ಸ್ ಆರಿಸಿ ಮನೆಗೆ ತಂದಿಟ್ಟ ಮೇಲೆಯೇ ಅವರು ಒಡೆಯಲು ಶುರುಮಾಡುವುದು. ನಡುವೆ ನಾವು ಮನಸ್ಸು ಬದಲಾಯಿಸಿ ಆಳುಗಳು ಖಾಲಿ ಕೂತರೆ ಆ ದಿನದ ಕೂಲಿ ನಮ್ಮದು. ನನ್ನನ್ನೂ ಅವರು ಅಂಗಡಿಯಲ್ಲಿ ವಿಚಾರಿಸಿದ್ದರಂತೆ, ದುಡ್ಡು ಸರಿಯಾಗಿ ಕೊಡ್ತಾರಾ ಅಂತ. ಆ ಷರತ್ತನ್ನು ನನ್ನ ಕೈಯಲ್ಲೇ ಕೆಳಗೆ ಸೇರಿಸಿ ಇಬ್ಬರೂ ಸಹಿ ಹಾಕಿದೆವು. ನಮ್ಮ ಯಜಮಾನರು ಟೈಲ್ಸ್ ಅಂಗಡಿಯಲ್ಲಿ ಒಂದು ಬಣ್ಣಕ್ಕೆ ಒಪ್ಪುವವರೆಗೆ ಬಾತ್‌ರೂಮಿಗೆ ಸುತ್ತಿಗೆ ಬೀಳಲಿಲ್ಲ.