ಪೆಟ್ರೋಲು ಹರಿಯುವ ಎರಡು ಹಂತಗಳು: ಕಾರ್ಬ್ಯುರೇಟರ್ ಮೂಲಕ ಒತ್ತಡದ ಪಾಠ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಬಲ ಮತ್ತು ಒತ್ತಡ
ಅವಧಿ: 40 ನಿಮಿಷ

ಹಿನ್ನೆಲೆ
ವಾತಾವರಣದ ಒತ್ತಡಕ್ಕೆ ಉದಾಹರಣೆಯಾಗಿ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್‌ಗಳ ಕಾರ್ಬ್ಯುರೇಟರನ್ನು ಆರಿಸಿಕೊಂಡಿದ್ದೆ. ಮೊದಲ ಪಾಠದಲ್ಲಿ "ಎಂಜಿನ್ ಪೆಟ್ರೋಲನ್ನು ಹೀರುತ್ತದೆ" ಎಂದುಬಿಟ್ಟೆ. ಒಬ್ಬ ವಿದ್ಯಾರ್ಥಿನಿ, "ಪೆಟ್ರೋಲು ಸಾಲದಿದ್ದರೆ ಜೆಟ್ಟಿನ ತೂತು ದೊಡ್ಡದು ಮಾಡಿದ್ರೆ ಸಾಕಲ್ವಾ ಸರ್?" ಎಂದಳು. ಹೌದು ಎಂದೆ. ಅವಲೋಕನಕ್ಕೆ ಕುಳಿತಿದ್ದ ಮಾರ್ಗದರ್ಶಕರು ನನ್ನ ಪಾಠ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದರು: "ಆ ತೂತಿನವರೆಗೆ ಪೆಟ್ರೋಲು ಬಂದಿದೆಯೆಂದು ಹೇಗೆ ತಿಳಿಯಿತು?" ಪಾಠವನ್ನು ಅಲ್ಲಿಂದಲೇ ಮರುರಚಿಸಿದೆ.

ವಿಷಯ ವಿಶ್ಲೇಷಣೆ
ಆ ಕಾಲದ ಬ್ರಿಟಿಷ್ ಬೈಕುಗಳಲ್ಲಿ ಹೆಚ್ಚಾಗಿ ಇದ್ದದ್ದು ಬರ್ಮಿಂಗ್‌ಹ್ಯಾಮ್‌ನ ಅಮಾಲ್ ಕಂಪನಿಯ ಕಾರ್ಬ್ಯುರೇಟರ್. ಅದರಲ್ಲಿ ಪೆಟ್ರೋಲಿನ ಹರಿವು ಎರಡು ಹಂತಗಳಲ್ಲಿ ನಡೆಯುತ್ತದೆ.

1. ಟ್ಯಾಂಕಿನಿಂದ ಫ್ಲೋಟ್ ಬಟ್ಟಲಿಗೆ: ಪೆಟ್ರೋಲು ಗುರುತ್ವದಿಂದ ಇಳಿಯುತ್ತದೆ. ಇಳಿದಷ್ಟೇ ಗಾಳಿ ಮುಚ್ಚಳದ ಸಣ್ಣ ರಂಧ್ರದಿಂದ ಟ್ಯಾಂಕಿನೊಳಗೆ ಬರಬೇಕು.

2. ಬಟ್ಟಲಿನಿಂದ ಗಾಳಿಯ ಕೊಳವೆಗೆ: ಕೊಳವೆಯಲ್ಲಿ ಒತ್ತಡ ಕಡಿಮೆಯಾದಾಗ, ಬಟ್ಟಲಿನ ಪೆಟ್ರೋಲಿನ ಮೇಲಿರುವ ವಾತಾವರಣದ ಒತ್ತಡ ಅದನ್ನು ಜೆಟ್ ಮೂಲಕ ಮೇಲಕ್ಕೆ ತಳ್ಳುತ್ತದೆ. ಇದನ್ನೇ ನಾವು "ಹೀರುವುದು" ಎನ್ನುತ್ತೇವೆ.

ಮುಖ್ಯ ಜೆಟ್ಟಿನ ಪಾತ್ರ ಎರಡನೆಯ ಹಂತದಲ್ಲಿ ಮಾತ್ರ. ಅದರಲ್ಲೂ ಥ್ರಾಟಲ್ ಮುಕ್ಕಾಲು ತೆರೆದ ನಂತರವೇ ಅದರ ಪ್ರಭಾವ ಪೂರ್ತಿ ಕಾಣುತ್ತದೆ. ಅದಕ್ಕೂ ಮೊದಲು ಸೂಜಿ, ಸ್ಲೈಡ್ ಮತ್ತು ಪೈಲಟ್ ಜೆಟ್ಟುಗಳದೇ ಹೆಚ್ಚಿನ ಪಾತ್ರ.

ಚಟುವಟಿಕೆ
(ತರಗತಿಗೆ ಪೆಟ್ರೋಲು ತರಕೂಡದು, ಬಣ್ಣದ ನೀರು ಸಾಕು.)
ಗಟ್ಟಿ ಬಾಟಲಿಯ ಬುಡಕ್ಕೆ ತೆಳುವಾದ ನಳಿಕೆ ಜೋಡಿಸಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಬೇಕು. ನೀರು ಲೋಟಕ್ಕೆ ಹರಿಯುವಾಗ ಮುಚ್ಚಳದ ತೂತನ್ನು ಬೆರಳಿನಿಂದ ಒತ್ತಿದರೆ ಹರಿವು ಕುಗ್ಗಿ ನಿಲ್ಲುತ್ತದೆ. ಬೆರಳು ತೆಗೆದರೆ ಮತ್ತೆ ಹರಿಯುತ್ತದೆ. ಏಕೆಂದು ಮಕ್ಕಳೇ ಹೇಳಲಿ.

ಲೆಕ್ಕ
ಬೈಕು ಗಂಟೆಗೆ 120 ಕಿ.ಮೀ. ವೇಗದಲ್ಲಿ, ಲೀಟರಿಗೆ 15 ಕಿ.ಮೀ.ನಂತೆ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 8 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 133 ಮಿ.ಲೀ. ಬೇಕು. ಟ್ಯಾಂಕಿನ ನಲ್ಲಿ ಅದಕ್ಕಿಂತ ಕಡಿಮೆ ಕೊಟ್ಟರೆ ಬಟ್ಟಲು ಬರಿದಾಗುತ್ತದೆ. ಅಮಾಲ್ ಮುಖ್ಯ ಜೆಟ್ಟಿನ ಮೇಲಿನ ಸಂಖ್ಯೆಯೂ ತೂತಿನ ಅಗಲವಲ್ಲ, ನಿಗದಿತ ಪರೀಕ್ಷೆಯಲ್ಲಿ ನಿಮಿಷಕ್ಕೆ ಹರಿಯುವ ಮಿ.ಲೀ. ಪ್ರಮಾಣ.

ಮೌಲ್ಯಮಾಪನ
ಬೈಕು ಚೆನ್ನಾಗಿ ಹೊರಟು, ಕೆಲವು ಮೈಲಿ ವೇಗವಾಗಿ ಓಡಿದ ಮೇಲೆ ಸೊರಗುತ್ತದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗುವ ಸದ್ದಾಗುತ್ತದೆ. ಬೈಕು ಮತ್ತೆ ಸರಿಯಾಗಿ ಓಡುತ್ತದೆ. ದೋಷ ಯಾವ ಹಂತದಲ್ಲಿದೆ? ದೊಡ್ಡ ಜೆಟ್ ಹಾಕಿದರೆ ಪರಿಹಾರವಾದೀತೇ?

ಆತ್ಮಾವಲೋಕನ
ಎರಡನೆಯ ಪಾಠದ ಕೊನೆಗೆ ಅದೇ ವಿದ್ಯಾರ್ಥಿನಿ ಎದ್ದು, "ಮೊದಲು ಮುಚ್ಚಳದ ತೂತು ನೋಡ್ಬೇಕು ಸರ್, ಮೊನ್ನೆ ನೀವು ಹೇಳಿದ್ದು ತಪ್ಪು" ಎಂದಳು. ತಪ್ಪೆಂದು ಒಪ್ಪಿಕೊಂಡೆ. "ಹೌದು" ಎನ್ನುವ ಮೊದಲು "ಹೇಗೆ ಗೊತ್ತಾಯಿತು?" ಎಂದು ನಾನೇ ಅವಳನ್ನು ಕೇಳಿದ್ದರೆ, ಮೊದಲ ದಿನವೇ ಆಕೆ ಈ ಉತ್ತರಕ್ಕೆ ಬರುತ್ತಿದ್ದಳು.